ಶ್ವಾಸಕೋಶದ ಸೋಂಕು ಚರ್ಮದ ಮೇಲೆ ಕಾಣಿಸಿಕೊಂಡಾಗ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕ್ಷಯರೋಗವೆಂದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ಕೆಮ್ಮು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ, ಕಫದಲ್ಲಿ ರಕ್ತ ಎಂಬ ಲಕ್ಷಣಗಳ ಪಟ್ಟಿಯನ್ನು ತಾವು ಗ್ರಾಮಸಭೆಗಳಲ್ಲಿ ಕೇಳಿದ್ದೀರಿ, ಗೋಡೆಬರಹಗಳಲ್ಲಿ ಓದಿದ್ದೀರಿ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಒಂದು ಲಕ್ಷಣವನ್ನು ಕುರಿತು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಶ್ವಾಸಕೋಶವನ್ನು ಸೇರಿದ ಬ್ಯಾಕ್ಟೀರಿಯಾ ಕೆಲವೊಮ್ಮೆ ತನ್ನ ಇರವನ್ನು ಎದೆಯಲ್ಲಿ ತೋರಿಸುವ ಮೊದಲು ಕಾಲಿನ ಚರ್ಮದಲ್ಲಿ, ತುಟಿಯಲ್ಲಿ, ಕಣ್ಣಿನಲ್ಲಿ ತೋರಿಸುತ್ತದೆ. ಅದನ್ನು ಕೇವಲ ಚರ್ಮರೋಗವೆಂದು ತಿಳಿದು ಮುಲಾಮು ಹಚ್ಚಿ ಸುಮ್ಮನಾದರೆ, ಒಳಗಿನ ರೋಗ ಉಳಿಯುತ್ತದೆ ಮತ್ತು ಆ ಮನೆಯಲ್ಲಿ ರೋಗವನ್ನು ಹರಡುತ್ತಿರುವವರು ಗಮನಕ್ಕೆ ಬಾರದೆ ಹೋಗುತ್ತಾರೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎಂಟು ವರ್ಷದ ಹುಡುಗಿಗೆ ಎರಡೂ ಕಣಕಾಲುಗಳ ಮುಂಭಾಗದಲ್ಲಿ ನಾಲ್ಕೈದು ಕೆಂಪು ಗಂಟುಗಳು ಎದ್ದಿವೆ. ಮುಟ್ಟಿದರೆ ನೋವು, ಸಣ್ಣ ಜ್ವರ, ಕೀಲುಗಳಲ್ಲಿ ಸೆಳೆತ. ಎಲ್ಲಿಯೋ ಬಿದ್ದಿರಬೇಕೆಂದು ತಾಯಿ ಭಾವಿಸುತ್ತಾಳೆ. ಸರ್ಪದೋಷವೆಂದು ನೆರೆಮನೆಯ ಹಿರಿಯರೊಬ್ಬರು ಹೇಳುತ್ತಾರೆ. ಔಷಧದ ಅಂಗಡಿಯಿಂದ ಒಂದು ಮುಲಾಮು ಬರುತ್ತದೆ. ಎರಡು ವಾರಗಳಲ್ಲಿ ಗಂಟುಗಳ ಬಣ್ಣ ಕೆಂಪಿನಿಂದ ನೀಲಿಗೆ, ನೀಲಿಯಿಂದ ಹಸಿರು ಮಿಶ್ರಿತ ಹಳದಿಗೆ ತಿರುಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಕಲೆಯೂ ಉಳಿಯದಂತೆ ಅವು ಮಾಯವಾಗುತ್ತವೆ. ಮುಲಾಮು ಹಚ್ಚದಿದ್ದರೂ ಅವು ಹೀಗೆಯೇ ಮಾಯವಾಗುತ್ತಿದ್ದವು. ಮನೆಯವರು ಅದನ್ನು ಮರೆಯುತ್ತಾರೆ. ಜಗಲಿಯ ಮೇಲೆ ಕುಳಿತ ಅಜ್ಜನ ಕೆಮ್ಮು ಮಾತ್ರ ಮೂರು ತಿಂಗಳಿನಿಂದ ಇದ್ದಂತೆಯೇ ಇದೆ. ಅದು ಬೀಡಿಯ ಕೆಮ್ಮೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ.

ಹುಡುಗಿಯ ಕಾಲಿನ ಗಂಟುಗಳಿಗೂ ಅಜ್ಜನ ಕೆಮ್ಮಿಗೂ ಸಂಬಂಧವಿರಬಹುದೆಂದು ಆ ಮನೆಯಲ್ಲಿ ಯಾರಿಗೂ ತೋಚುವುದಿಲ್ಲ. ಆ ಸಂಬಂಧವನ್ನು ತಿಳಿಸುವುದೇ ಇಲ್ಲಿನ ಮುಖ್ಯ ಉದ್ದೇಶ.

ಕಣಕಾಲಿನ ನೋವಿನ ಗಂಟು

ಈ ಗಂಟುಗಳಿಗೆ ವೈದ್ಯರು ಎರಿಥೀಮಾ ನೋಡೋಸಮ್ ಎಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದಾದರೂ ಅರ್ಥ ಸರಳ: ಗಂಟುಕಟ್ಟಿದ ಕೆಂಪು. ಒಂದೊಂದು ಗಂಟೂ ಸಾಮಾನ್ಯವಾಗಿ ಒಂದರಿಂದ ಐದು ಸೆಂಟಿಮೀಟರ್‌ನಷ್ಟು ಅಗಲವಿರುತ್ತದೆ. ಅವು ಹೆಚ್ಚಾಗಿ ಎರಡೂ ಕಾಲುಗಳ ಮುಂಭಾಗದಲ್ಲಿ ಏಳುತ್ತವೆ. ಕೀವು ತುಂಬುವುದಿಲ್ಲ, ಒಡೆಯುವುದಿಲ್ಲ, ತುರಿಸುವುದಕ್ಕಿಂತ ನೋಯುವುದೇ ಹೆಚ್ಚು. ಮೂರರಿಂದ ಆರು ವಾರಗಳಲ್ಲಿ ಪೆಟ್ಟುಬಿದ್ದ ಜಾಗದಂತೆ ಬಣ್ಣ ಬದಲಿಸುತ್ತ ತಾವಾಗಿಯೇ ಅಡಗುತ್ತವೆ.

ಇದು ಏಕೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಊರಿನಲ್ಲಿ ಎದುರಾಗುವ ಅನೇಕ ಪ್ರಶ್ನೆಗಳಿಗೆ ಉತ್ತರ ಇದರಲ್ಲಿಯೇ ಇದೆ. ಕೆಮ್ಮುವವರ ಬಾಯಿಂದ ಹೊರಟ ಕ್ಷಯದ ರೋಗಾಣು ಉಸಿರಿನ ಮೂಲಕ ಮಗುವಿನ ಶ್ವಾಸಕೋಶವನ್ನು ಮೊದಲ ಬಾರಿಗೆ ಹೊಕ್ಕಾಗ ದೇಹಕ್ಕೆ ಅದರ ಗುರುತು ಇರುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯು ಆ ಶತ್ರುವನ್ನು ಗುರುತಿಸಿ ಎಚ್ಚೆತ್ತುಕೊಳ್ಳಲು ಸುಮಾರು ಮೂರರಿಂದ ಎಂಟು ವಾರಗಳು ಹಿಡಿಯುತ್ತವೆ. ಕೆಲವು ಮಕ್ಕಳಲ್ಲಿ ಈ ಎಚ್ಚರವು ಅಳತೆ ಮೀರುತ್ತದೆ. ಊರಂಚಿನ ಮನೆಗೆ ಕಳ್ಳ ನುಗ್ಗಿದಾಗ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುವಂತೆ, ಶ್ವಾಸಕೋಶದಲ್ಲಿನ ರೋಗಾಣುವಿಗೆ ಪ್ರತಿಕ್ರಿಯೆಯಾಗಿ ಕಾಲಿನ ಚರ್ಮದಡಿಯ ಕೊಬ್ಬಿನ ಪದರದಲ್ಲಿ ಉರಿಯೂತ ಉಂಟಾಗುತ್ತದೆ. ಅಲ್ಲಿ ಕಾಣುವ ಗಂಟು ಆ ಉರಿಯೂತವೇ.

ಆದ್ದರಿಂದ ಆ ಗಂಟಿನಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಮುಟ್ಟಿದರೆ ಅಂಟುವುದಿಲ್ಲ, ಬಟ್ಟೆ ಅಥವಾ ಹಾಸಿಗೆಯಿಂದ ಹರಡುವುದಿಲ್ಲ. ಆ ಮಗುವನ್ನು ಅಂಗನವಾಡಿಯಲ್ಲಿ ಬೇರೆ ಕೂರಿಸುವುದಕ್ಕೆ, ಬಿಸಿಯೂಟದ ಸಾಲಿನಿಂದ ಎಬ್ಬಿಸುವುದಕ್ಕೆ ಯಾವ ಆಧಾರವೂ ಇಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಚಿಕ್ಕ ಮಕ್ಕಳ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ, ಕೆಮ್ಮಿನ ಬಲವೂ ಕಡಿಮೆ. ಅವರಿಂದ ಇತರರಿಗೆ ಹರಡುವುದು ವಿರಳ. ಮಗುವಿಗೆ ಕ್ಷಯ ತಗುಲಿದೆಯೆಂದರೆ ಅದಕ್ಕೆ ಕೆಲವೇ ವಾರಗಳ ಹಿಂದೆ ಮಗುವಿನ ಸಮೀಪದಲ್ಲಿ ಕೆಮ್ಮುವ ದೊಡ್ಡವರೊಬ್ಬರು ಇದ್ದಿರುವ ಸಾಧ್ಯತೆ ಹೆಚ್ಚು. ಹೀಗಾಗಿ ಮಗುವಿನ ಕಾಲಿನ ಗಂಟನ್ನು ಕಂಡಾಗ ದೊಡ್ಡವರ ಕೆಮ್ಮನ್ನು ವಿಚಾರಿಸಬೇಕು. ಅಜ್ಜ, ಚಿಕ್ಕಪ್ಪ, ಮನೆಗೆ ಬಂದುಹೋಗುವ ನೆಂಟರು, ಪಾಠ ಹೇಳುವವರು, ಯಾರೂ ಆಗಿರಬಹುದು.

ಆದರೆ ಇಂತಹ ಗಂಟುಗಳೆಲ್ಲವೂ ಕ್ಷಯದಿಂದ ಬಂದವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕು ಇದಕ್ಕೆ ಬಹಳ ಸಾಮಾನ್ಯವಾದ ಕಾರಣ. ಕೆಲವು ಔಷಧಗಳು, ಗರ್ಭನಿರೋಧಕ ಮಾತ್ರೆಗಳು, ಗರ್ಭಾವಸ್ಥೆ, ಕರುಳಿನ ಕೆಲವು ದೀರ್ಘಕಾಲದ ಕಾಯಿಲೆಗಳಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮಂತಹ ಪ್ರದೇಶದಲ್ಲಿ ವೈದ್ಯರು ಅದನ್ನು ಪರೀಕ್ಷಿಸದೆ ಬಿಡುವಂತಿಲ್ಲ, ಅಷ್ಟೇ. ಪರೀಕ್ಷೆಯೂ ಕಷ್ಟದ್ದಲ್ಲ. ಮುಂಗೈಗೆ ಚುಚ್ಚುಮದ್ದು ನೀಡಿ ಎರಡು-ಮೂರು ದಿನಗಳ ನಂತರ ಊತವನ್ನು ಅಳೆಯುವ ಮಾಂಟೂ ಪರೀಕ್ಷೆ, ಎದೆಯ ಎಕ್ಸ್-ರೇ, ಅಗತ್ಯವಿದ್ದಲ್ಲಿ ಕಫದ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆ. ಕಫವನ್ನು ಉಗುಳಲು ಬಾರದ ಚಿಕ್ಕ ಮಕ್ಕಳಲ್ಲಿ ಬೆಳಗಿನ ಖಾಲಿಹೊಟ್ಟೆಯಲ್ಲಿ ಜಠರದ ದ್ರವವನ್ನು ತೆಗೆದು ಪರೀಕ್ಷಿಸುವ ಕ್ರಮವಿದೆ. ಇದನ್ನು ಕೇಳಿ ಪೋಷಕರು ಗಾಬರಿಯಾಗುವುದು ಸಹಜ, ಮೊದಲೇ ತಿಳಿಸಿದರೆ ಒಪ್ಪುತ್ತಾರೆ.

ಇನ್ನೊಂದು ಬಗೆಯ ಗಂಟು ಕಾಲಿನ ಹಿಂಭಾಗದಲ್ಲಿ, ಮೀನಖಂಡದಲ್ಲಿ ಏಳುತ್ತದೆ. ಇದು ಹೆಚ್ಚಾಗಿ ಮಹಿಳೆಯರಲ್ಲಿ ಕಾಣುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಒಡೆದು ಹುಣ್ಣಾಗುತ್ತದೆ, ಮಾಗಿದರೂ ಗುಂಡಿಬಿದ್ದ ಕಲೆ ಉಳಿಯುತ್ತದೆ, ಮತ್ತೆ ಮತ್ತೆ ಮರುಕಳಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಬಾಜೆನ್ ಅವರ ಹೆಸರಿನಿಂದ ಇದನ್ನು ಕರೆಯುತ್ತಾರೆ. ವರ್ಷಗಟ್ಟಲೆ ವಾಸಿಯಾಗದ ಇಂತಹ ಹುಣ್ಣುಗಳಲ್ಲಿ ಕೆಲವು, ದೇಹದೊಳಗೆ ಅಡಗಿದ ಕ್ಷಯಕ್ಕೆ ಪೂರ್ಣ ಚಿಕಿತ್ಸೆ ನೀಡಿದಾಗ ಮಾತ್ರ ಗುಣವಾಗುತ್ತವೆ. ಕುತ್ತಿಗೆಯ ಗ್ರಂಥಿಗಳು ಊದಿ, ಒಡೆದು ಸೋರುವ ಗಂಡಮಾಲೆಯಾದರೋ ಬೇರೆ ವರ್ಗಕ್ಕೆ ಸೇರಿದ್ದು. ಅಲ್ಲಿ ರೋಗಾಣು ಆ ಗ್ರಂಥಿಯಲ್ಲಿಯೇ, ಅದರ ಮೇಲಿನ ಚರ್ಮದಲ್ಲಿಯೇ ಇರುತ್ತದೆ.

ಹೆಸರಿನ ಗೊಂದಲವೊಂದನ್ನೂ ಇಲ್ಲಿ ನಿವಾರಿಸಬೇಕು. ಕುಷ್ಠರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಅಥವಾ ಪಡೆದ ಕೆಲವರಲ್ಲಿ ಇದೇ ರೀತಿಯ ನೋವಿನ ಗಂಟುಗಳು ಮುಖ, ತೋಳು, ಕಾಲುಗಳಲ್ಲಿ ಏಳುತ್ತವೆ, ಅದರ ವೈದ್ಯಕೀಯ ಹೆಸರೂ ಹತ್ತಿರದ್ದೇ. ಅದು ಪ್ರತ್ಯೇಕ ಸ್ಥಿತಿ, ಚಿಕಿತ್ಸೆಯೂ ಬೇರೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯರು ನೋಡಬಲ್ಲರು. ಉಳಿದದ್ದನ್ನು ವೈದ್ಯಾಧಿಕಾರಿಗಳು ನಿರ್ಧರಿಸುತ್ತಾರೆ.

ಶಾಲೆ ಮತ್ತು ವಿದ್ಯಾರ್ಥಿನಿಲಯಗಳಲ್ಲಿ: ಮೈಕೋಪ್ಲಾಸ್ಮಾ

ಶ್ವಾಸಕೋಶದಿಂದ ಚರ್ಮಕ್ಕೆ ಸುದ್ದಿ ಕಳುಹಿಸುವ ಎರಡನೆಯ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾ ನ್ಯುಮೋನಿಯೇ. ಇದು ಐದರಿಂದ ಇಪ್ಪತ್ತು ವರ್ಷದೊಳಗಿನವರಲ್ಲಿ ಹೆಚ್ಚು. ಒಂದೇ ಕೊಠಡಿಯಲ್ಲಿ ಹಲವರು ಮಲಗುವ ವಿದ್ಯಾರ್ಥಿನಿಲಯ, ವಸತಿಶಾಲೆ, ದೊಡ್ಡ ಕುಟುಂಬಗಳಲ್ಲಿ ನಿಧಾನವಾಗಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಸೋಂಕು ತಗುಲಿದ ಎರಡು-ಮೂರು ವಾರಗಳ ನಂತರ ಒಣಕೆಮ್ಮು, ಜ್ವರ, ತಲೆನೋವು ಕಾಣಿಸುತ್ತದೆ. ರೋಗಿ ಹಾಸಿಗೆ ಹಿಡಿಯದೆ ಓಡಾಡಿಕೊಂಡೇ ಇರುವುದರಿಂದ ಇದು ನ್ಯುಮೋನಿಯಾ ಎಂಬ ಅನುಮಾನವೇ ಬರುವುದಿಲ್ಲ.

ಹೀಗೆ ಕೆಮ್ಮಿಕೊಂಡಿದ್ದ ಬಾಲಕನಿಗೆ ವಾರದೊಳಗೆ ತುಟಿ ಊದಿ ರಕ್ತ ಹೆಪ್ಪುಗಟ್ಟಿದಂತಾಗಿ, ಬಾಯಿತುಂಬ ಹುಣ್ಣಾಗಿ, ಕಣ್ಣು ಕೆಂಪಾಗಿ, ಮೂತ್ರ ಮಾಡುವಾಗ ಉರಿಯೆಂದರೆ ಅದನ್ನು ಉಷ್ಣವೆಂದು ಎಳನೀರು ಕೊಟ್ಟು ಕಾಯುವುದು ಸರಿಯಲ್ಲ. ಮೈಮೇಲೆ ಗುರಿಹಲಗೆಯಂತೆ ವೃತ್ತದೊಳಗೆ ವೃತ್ತವಿರುವ ಮಚ್ಚೆಗಳು ಅಥವಾ ಚದುರಿದ ನೀರ್ಗುಳ್ಳೆಗಳೂ ಏಳಬಹುದು. ಕೆಲವರಿಗೆ ಕೇವಲ ಪಿತ್ತದ ಗಂಧೆಯಂತಹ ದದ್ದುಗಳು ಬಂದು ಹೋಗುತ್ತವೆ. ಇಲ್ಲಿಯೂ ಕಾರಣ ಬಹುಮಟ್ಟಿಗೆ ದೇಹದ ಪ್ರತಿಕ್ರಿಯೆಯೇ. ಬಾಯಿ ಮತ್ತು ಕಣ್ಣಿನ ಒಳಪೊರೆಗಳು ಹೆಚ್ಚಾಗಿ ಹಾನಿಗೊಂಡು, ಚರ್ಮ ಅಷ್ಟಾಗಿ ಹಾನಿಗೊಳ್ಳದ ಈ ಸ್ವರೂಪವನ್ನು ಇತರ ತೀವ್ರ ಚರ್ಮರೋಗಗಳಿಂದ ಬೇರ್ಪಡಿಸಿ ಪ್ರತ್ಯೇಕ ಹೆಸರಿನಿಂದ ಗುರುತಿಸಿದ್ದು 2015ರಷ್ಟು ಈಚೆಗೆ. ಬಹುತೇಕ ಮಕ್ಕಳು ಸಂಪೂರ್ಣ ಗುಣಮುಖರಾಗುತ್ತಾರೆ. ಆದರೆ ನುಂಗಲಾಗದೆ ನೀರಿನಂಶ ಕಳೆದುಕೊಳ್ಳುವ ಅಪಾಯವಿದೆ. ಕಣ್ಣಿನ ಚಿಕಿತ್ಸೆ ತಡವಾದರೆ ಕಣ್ಣಿನೊಳಗೆ ಶಾಶ್ವತವಾದ ಕಲೆ ಉಳಿಯುವ ಅಪಾಯವೂ ಇದೆ. ಇಂತಹ ಮಗುವನ್ನು ಅದೇ ದಿನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು.

ಔಷಧದ ವಿಷಯದಲ್ಲಿ ಒಂದು ವಿಶೇಷವಿದೆ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಮೊದಲಾದವು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಿಕೊಳ್ಳುವುದನ್ನು ತಡೆದು ಅದನ್ನು ಕೊಲ್ಲುತ್ತವೆ. ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದ ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದಿಲ್ಲ. ವೈದ್ಯರು ಬೇರೆ ವರ್ಗದ ಔಷಧವನ್ನು ಬರೆಯುತ್ತಾರೆ. ಇದಕ್ಕಿಂತ ಹೆಚ್ಚಿನ ತೊಡಕು ಮುಂದಿದೆ. ಔಷಧ ತೆಗೆದುಕೊಂಡ ನಂತರ ಮೈಮೇಲೆ ದದ್ದು ಎದ್ದಾಗ ಅದು ಸೋಂಕಿನಿಂದ ಬಂದಿತೋ ಔಷಧದಿಂದ ಬಂದಿತೋ ಎಂದು ಹೇಳುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಯಾವ ದಿನ ಕೆಮ್ಮು ಶುರುವಾಯಿತು, ಯಾವ ದಿನ ಯಾವ ಮಾತ್ರೆ, ಯಾವ ದಿನ ದದ್ದು, ಈ ಕ್ರಮ ತಿಳಿದರೆ ಅರ್ಧ ಕೆಲಸವಾದಂತೆ. ಖಾಲಿಯಾದ ಮಾತ್ರೆಯ ಹಾಳೆಯನ್ನು ಎಸೆಯದೆ ಆಸ್ಪತ್ರೆಗೆ ಒಯ್ಯುವಂತೆ ಪೋಷಕರಿಗೆ ಹೇಳುವುದು ಚಿಕ್ಕ ಮಾತಾದರೂ ಬಹಳ ಉಪಯುಕ್ತ.

ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ದದ್ದು ಎದ್ದಾಗ

ಕ್ಷಯದ ಮಾತ್ರೆ ಆರಂಭಿಸಿದ ಕೆಲವರಿಗೆ ಮೈತುರಿಕೆಯಾಗುತ್ತದೆ, ಕೆಲವರಿಗೆ ದದ್ದುಗಳು ಏಳುತ್ತವೆ. ಹಲವರು ಹೆದರಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅರ್ಧಕ್ಕೆ ನಿಂತ ಚಿಕಿತ್ಸೆಯು ಔಷಧಕ್ಕೆ ಬಗ್ಗದ ಕ್ಷಯಕ್ಕೆ ದಾರಿಯಾಗುತ್ತದೆ. ಸಾಧಾರಣ ತುರಿಕೆಯನ್ನು ವೈದ್ಯರು ಬೇರೆ ಮಾತ್ರೆಯಿಂದ ಶಮನಗೊಳಿಸಿ ಚಿಕಿತ್ಸೆ ಮುಂದುವರಿಸುವುದುಂಟು. ಆದರೆ ದದ್ದಿನ ಜೊತೆಗೆ ಜ್ವರ, ಬಾಯಿಹುಣ್ಣು, ಕಣ್ಣಿನ ಕೆಂಪು, ಚರ್ಮ ಸುಲಿಯುವಿಕೆ ಅಥವಾ ಕಾಮಾಲೆಯ ಹಳದಿ ಕಂಡರೆ ಅದು ತುರ್ತುಸ್ಥಿತಿ. ಮುಂದಿನ ಮಾತ್ರೆ ನುಂಗುವ ಮೊದಲೇ ರೋಗಿ ಆಸ್ಪತ್ರೆಯಲ್ಲಿರಬೇಕು. ಮೂತ್ರ ಕಿತ್ತಳೆಗೆಂಪಾಗುವುದು ಮಾತ್ರ ಔಷಧದ ಬಣ್ಣದಿಂದ, ಅದಕ್ಕೆ ಹೆದರಬೇಕಾಗಿಲ್ಲ.

ಸ್ಟೀರಾಯ್ಡ್ ಕುರಿತು ಎಚ್ಚರಿಕೆಯ ಮಾತೊಂದು. ಇದು ವೈದ್ಯರ ಕೈಯಲ್ಲಿ ಅಮೂಲ್ಯವಾದ ಔಷಧ. ಚೀಟಿಯಿಲ್ಲದೆ ಕೊಂಡಾಗ, ನೋವಿನ ಗಂಟು ಎರಡೇ ದಿನಗಳಲ್ಲಿ ಇಳಿದು ಮನೆಯವರಿಗೆ ಸಮಾಧಾನವಾಗುತ್ತದೆ. ಒಳಗಿನ ಕ್ಷಯಕ್ಕೆ ಮಾತ್ರ ದೇಹದ ತಡೆ ಕುಸಿದು ಬೆಳೆಯಲು ಅವಕಾಶ ಸಿಗುತ್ತದೆ. ಬೇಗ ಗುಣವಾಯಿತೆಂಬ ಹೊಗಳಿಕೆ ಕೇಳಿಬಂದ ಕಡೆ ಏನು ಕೊಟ್ಟರೆಂದು ವಿಚಾರಿಸುವುದು ಒಳ್ಳೆಯದು.

ತುಮಕೂರಿನ ಒಂದು ಹಳೆಯ ಪಾಠ

"ನಾವು ವೈದ್ಯರಲ್ಲ, ಇದರಲ್ಲಿ ನಮ್ಮ ಪಾತ್ರವೇನು" ಎಂದು ತಾವು ಕೇಳಬಹುದು. ಉತ್ತರಕ್ಕಾಗಿ ನಮ್ಮ ರಾಜ್ಯದ್ದೇ ಒಂದು ಅಧ್ಯಯನವನ್ನು ನೆನೆಯಬೇಕು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ವಾಸಕೋಶದ ಕ್ಷಯವಿದ್ದವರನ್ನು ಮಾತನಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಕಡೆಗಣಿಸುತ್ತಾರೆ ಎಂಬುದು ಆಗಿನ ನಂಬಿಕೆಯಾಗಿತ್ತು. ಕಂಡುಬಂದದ್ದು ಬೇರೆಯೇ. ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಈಗಾಗಲೇ ಚಿಕಿತ್ಸೆಗಾಗಿ ಹೋಗಿ ಬಂದಿದ್ದರು. ಅವರಲ್ಲಿ ಅನೇಕರಿಗೆ ದೊರೆತದ್ದು ಒಂದು ಬಾಟಲಿ ಕೆಮ್ಮಿನ ಔಷಧ. ಜನರು ಬಂದಿದ್ದರು, ಕಂಡವರು ಗುರುತಿಸಲಿಲ್ಲ. ದೊಡ್ಡ ಆಸ್ಪತ್ರೆಗಳನ್ನೇ ನೆಚ್ಚದೆ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಕ್ಷಯದ ಪತ್ತೆ ಮತ್ತು ಚಿಕಿತ್ಸೆ ನಡೆಯಬೇಕೆಂಬ ರಾಷ್ಟ್ರೀಯ ನೀತಿಗೆ ಆ ಸಂಸ್ಥೆಯ ಇಂತಹ ಅಧ್ಯಯನಗಳು ಬುನಾದಿಯಾದವು.

ಇಂದು ಕೆಮ್ಮಿನ ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ. ಚರ್ಮದ ವಿಷಯದಲ್ಲಿ ನಾವಿನ್ನೂ ಆ ಕೆಮ್ಮಿನ ಔಷಧದ ಕಾಲದಲ್ಲಿಯೇ ಇದ್ದೇವೆ. ಬಾಟಲಿಯ ಬದಲು ಮುಲಾಮಿನ ಕೊಳವೆ, ವ್ಯತ್ಯಾಸ ಅಷ್ಟೇ.

ರೋಗವನ್ನು ನಿರ್ಣಯಿಸುವ ಕೆಲಸ ತಮ್ಮದಲ್ಲ. ತಮ್ಮ ವಾರ್ಡಿನಲ್ಲಿ ಯಾರಿಗಾದರೂ ಕಾಲಿನಲ್ಲಿ ನೋವಿನ ಗಂಟು, ವಾಸಿಯಾಗದ ಹುಣ್ಣು, ಅಥವಾ ಕೆಮ್ಮಿನೊಂದಿಗೆ ಬಾಯಿಹುಣ್ಣು ಮತ್ತು ದದ್ದು ಇರುವುದು ತಿಳಿದಾಗ ಮನೆಯವರನ್ನು ಮೂರು ಮಾತು ಕೇಳಿದರೆ ಸಾಕು. ಮನೆಯಲ್ಲಿ ಅಥವಾ ನೆರೆಯಲ್ಲಿ ಬಹುದಿನದಿಂದ ಕೆಮ್ಮುತ್ತಿರುವವರು ಇದ್ದಾರೆಯೆ? ಈ ಮನೆಯಲ್ಲಿ ಹಿಂದೆ ಯಾರಾದರೂ ಕ್ಷಯಕ್ಕೆ ಮಾತ್ರೆ ತೆಗೆದುಕೊಂಡಿದ್ದಾರೆಯೆ? ಗಂಟು ಅಥವಾ ದದ್ದು ಏಳುವ ಮೊದಲು ಏನಾದರೂ ಔಷಧ ನುಂಗಿದ್ದರೆ? ಉತ್ತರ ಏನೇ ಇರಲಿ, ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಂತೆ ನೋಡಿಕೊಳ್ಳಬೇಕು. ಕೆಮ್ಮುವವರು ಇದ್ದಲ್ಲಿ ಅವರನ್ನೂ ಜೊತೆಯಲ್ಲಿಯೇ ಕಳುಹಿಸಬೇಕು. ಮಗುವನ್ನು ಮಾತ್ರ ಕಳುಹಿಸಿ ಅಜ್ಜನನ್ನು ಜಗಲಿಯಲ್ಲಿ ಬಿಟ್ಟರೆ ಆ ಪ್ರಯಾಣ ಅರ್ಧ ವ್ಯರ್ಥ.

ಟಿಬಿ ಮುಕ್ತ ಪಂಚಾಯಿತಿ ಮಾನದಂಡಗಳಂತೆ ಪ್ರತಿ 1000 ಜನಸಂಖ್ಯೆಗೆ ವರ್ಷದಲ್ಲಿ ಕನಿಷ್ಠ 30 ಶಂಕಿತರ ಪರೀಕ್ಷೆ ನಡೆಯಬೇಕೆಂಬುದು ತಮಗೆ ತಿಳಿದಿದೆ. ಸಂಖ್ಯೆ ತುಂಬಿಸುವ ಸಲುವಾಗಿ ಆರೋಗ್ಯವಂತರ ಕಫವನ್ನು ಕಳುಹಿಸುವುದರಿಂದ ಪ್ರಯೋಜನವಿಲ್ಲ. ಮೇಲೆ ಹೇಳಿದಂತಹ ಮನೆಗಳ ಸದಸ್ಯರೆಲ್ಲರನ್ನೂ ಪರೀಕ್ಷೆಗೆ ಒಳಪಡಿಸುವುದು ಆ ಸಂಖ್ಯೆಗೆ ಅರ್ಥ ತರುತ್ತದೆ. ಕ್ಷಯ ದೃಢಪಟ್ಟವರ ಮನೆಯಲ್ಲಿರುವ, ರೋಗವಿಲ್ಲದ ಸದಸ್ಯರಿಗೆ ರೋಗ ಬಾರದಂತೆ ತಡೆಯುವ ಚಿಕಿತ್ಸೆಯೂ ಉಚಿತವಾಗಿ ಲಭ್ಯವಿದೆ. ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ನೀಡುವ ನೆರವನ್ನು ನವೆಂಬರ್ 2024ರಿಂದ ತಿಂಗಳಿಗೆ 500 ರೂಪಾಯಿಗಳಿಂದ 1000 ರೂಪಾಯಿಗಳಿಗೆ ಹೆಚ್ಚಿಸಲಾಗಿದ್ದು, ಅದು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಖಾತೆ ಇಲ್ಲದ ಅಥವಾ ಆಧಾರ್ ಜೋಡಣೆಯಾಗದ ಕಾರಣಕ್ಕೆ ಹಣ ನಿಂತಿದ್ದರೆ ಅದನ್ನು ಸರಿಪಡಿಸಿಕೊಡುವಲ್ಲಿ ಪಂಚಾಯಿತಿಯ ನೆರವು ಅತ್ಯಗತ್ಯ.

ಮಾಹಿತಿಯ ಗೋಪ್ಯತೆಯನ್ನು ಕಡ್ಡಾಯವಾಗಿ ಕಾಪಾಡಬೇಕು. ರೋಗಿಯ ಹೆಸರನ್ನಾಗಲಿ ಮನೆಯ ಗುರುತನ್ನಾಗಲಿ ಗ್ರಾಮಸಭೆಯಲ್ಲಿ ಓದುವಂತಿಲ್ಲ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚರ್ಮದ ಚಿತ್ರಗಳನ್ನು ಹಾಕುವಂತಿಲ್ಲ. ಮದುವೆಗೆ ಬಂದ ಹೆಣ್ಣುಮಗಳ ಕಾಲಿನ ಗಂಟು ಊರಿನ ಮಾತಾದರೆ, ಮುಂದಿನ ಮನೆಯವರು ಗಂಟನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಡುತ್ತಾರೆ.

ಈ ಲೇಖನವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಸಮ್ಮುಖದಲ್ಲಿ ಓದಲು ಹಾಗೂ ವಿದ್ಯಾರ್ಥಿನಿಲಯಗಳಿರುವ ಪಂಚಾಯಿತಿಗಳಲ್ಲಿ ಮೈಕೋಪ್ಲಾಸ್ಮಾ ಕುರಿತ ಭಾಗವನ್ನು ನಿಲಯಪಾಲಕರಿಗೆ ತಲುಪಿಸಲು ಕೋರಲಾಗಿದೆ. ಕ್ಷಯರೋಗ ಸಂಬಂಧಿತ ಮಾಹಿತಿಗೆ ಉಚಿತ ಸಹಾಯವಾಣಿ: 1800-11-6666.